ನಿಮ್ಮ ಮೈಗೊಪ್ಪುವ ಪ್ಯಾಂಟನ್ನು ಮನೆಯಲ್ಲೇ ಹೊಲಿಯುವುದು: ಮೂಲೆ ಸೇರಿದ ಯಂತ್ರದಿಂದ ಕೆಳಗಿನ ಮಡಿಕೆಯವರೆಗೆ

ಪ್ಯಾಂಟ್ ಕೊಳ್ಳಲು ಹೋದರೆ ಅಂಗಡಿಯವರು ಕೇಳುವುದು ಸೊಂಟದ ಅಳತೆಯೊಂದನ್ನೇ. ಹಾಕಿ ನೋಡಿದಾಗ ಸೊಂಟ ಸರಿಯಿದ್ದರೆ ತೊಡೆ ಬಿಗಿ, ತೊಡೆ ಸರಿಯಿದ್ದರೆ ಬೆನ್ನ ಹಿಂದೆ ಕೈ ತೂರುವಷ್ಟು ಸಂದು. ಮದುವೆ ಮನೆಯಲ್ಲಿ ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕುಳಿತಿರೋ, ಹಿಂಭಾಗ ಜಾರತೊಡಗುತ್ತದೆ. ನಾವು ಮೈಯನ್ನು ಬೈದುಕೊಳ್ಳುತ್ತೇವೆ. ಆದರೆ ಪ್ಯಾಂಟ್ ಸರಿಯಾಗಿ ಕೂರುವುದೋ ಇಲ್ಲವೋ ಎಂಬುದನ್ನು ತೀರ್ಮಾನಿಸುವುದು ಸೊಂಟದ ಮುಂಭಾಗದಿಂದ ಇಳಿದು, ಎರಡು ಕಾಲು ಕೂಡುವ ಕವಲಿನಲ್ಲಿ ಹಾದು, ಹಿಂದಿನ ಸೊಂಟಕ್ಕೆ ಏರುವ ಒಂದೇ ಒಂದು ಬಾಗಿದ ಹೊಲಿಗೆ. ಈ ಬರಹದ ಬಹುಪಾಲು ಆ ಹೊಲಿಗೆಯ ಬಗ್ಗೆಯೇ ಇದೆ. ಅದು ನಿಮ್ಮ ಮೈಗೆ ಒಗ್ಗಿದರೆ ಉಳಿದದ್ದೆಲ್ಲ ಉದ್ದಗಿಡ್ಡದ ಲೆಕ್ಕ.

ಬೆಳಗಾವಿಯ ಎಷ್ಟೋ ಮನೆಗಳಲ್ಲಿ ಕಾಲಿನಿಂದ ತುಳಿಯುವ ಕಪ್ಪು ಯಂತ್ರವೊಂದು ಕಿಟಕಿಯ ಕೆಳಗೆ ಬಟ್ಟೆ ಹೊದ್ದು ನಿಂತಿರುತ್ತದೆ. ಒಂದು ಕಾಲದಲ್ಲಿ ಅದರ ಮೇಲೆ ಕುಬಸ, ಚೂಡಿದಾರ, ಮಕ್ಕಳ ಫ್ರಾಕು ಹೊಲಿದವರು ಈಗ ಮತ್ತೆ ಕುಳಿತುಕೊಳ್ಳಬೇಕೆಂದಿದ್ದರೆ, ಪ್ಯಾಂಟನ್ನು ಮಾತ್ರ ಎಂದೂ ಮುಟ್ಟದಿದ್ದರೆ, ಇದು ಅವರಿಗಾಗಿ. ಕುಬಸ ಹೊಲಿಯಬಲ್ಲವರಿಗೆ ಪ್ಯಾಂಟ್ ಕಷ್ಟವಲ್ಲ. ಕಂಕುಳಿನ ಬಾಗು ಗೊತ್ತಿರುವ ಕೈಗೆ ಕವಲಿನ ಬಾಗೂ ಒಲಿಯುತ್ತದೆ.

ಮೊದಲು ಯಂತ್ರ

ನಮ್ಮ ಮಳೆಗಾಲದ ತೇವದಲ್ಲಿ ವರ್ಷಗಟ್ಟಲೆ ನಿಂತ ಯಂತ್ರವನ್ನು ಒಮ್ಮೆಲೇ ತುಳಿಯಬೇಡಿ. ಸೂಜಿ ತೆಗೆದು ಬಿಸಾಡಿ. ಹಳೆಯ ಸೂಜಿಯನ್ನು ಉಳಿಸಿಕೊಳ್ಳುವುದು ಉಳಿತಾಯವಲ್ಲ. ಬಾಬಿನ್ ಕೇಸ್ ಹೊರತೆಗೆದು, ಸೂಜಿಯ ಕೆಳಗಿನ ತಗಡನ್ನು ಬಿಚ್ಚಿ, ಬಟ್ಟೆ ಮುಂದೂಡುವ ಹಲ್ಲುಗಳ ನಡುವೆ ಗಟ್ಟಿಯಾಗಿ ಕೂತ ನೂಲಿನ ಧೂಳನ್ನು ಸಣ್ಣ ಬ್ರಷ್‌ನಿಂದ ತೆಗೆಯಿರಿ. ಆಮೇಲೆ ಎಣ್ಣೆ ಬಿಡುವ ತೂತುಗಳಿಗೆಲ್ಲ ಒಂದೊಂದು ಹನಿ ಹೊಲಿಗೆ ಯಂತ್ರದ ಎಣ್ಣೆ. ಕೊಬ್ಬರಿ ಎಣ್ಣೆ, ಅಡುಗೆ ಎಣ್ಣೆ ಬೇಡವೇ ಬೇಡ. ಅವು ಕೆಲವೇ ತಿಂಗಳಲ್ಲಿ ಅಂಟಾಗಿ ಯಂತ್ರವನ್ನು ಹಿಡಿದುಬಿಡುತ್ತವೆ. ಸೂಜಿಯಿಲ್ಲದೆ ಕೈಯಿಂದ ಚಕ್ರ ತಿರುಗಿಸಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಹಳೆಯ ಬಟ್ಟೆಯ ಮೇಲೆ ಓಡಿಸಿ ಹೆಚ್ಚಿನ ಎಣ್ಣೆ ಹೊರಬರುವಂತೆ ಮಾಡಿ. ಚರ್ಮದ ಬೆಲ್ಟ್ ಸಡಿಲಾಗಿದ್ದರೆ ಅದರ ಕೊಂಡಿ ಬಿಚ್ಚಿ, ಕಾಲು ಇಂಚು ಕತ್ತರಿಸಿ, ಮತ್ತೆ ಕೂಡಿಸಿದರಾಯಿತು.

ಸೂಜಿ ಪ್ಯಾಂಟ್ ಬಟ್ಟೆಗೆ 16ನೇ ನಂಬರಿನದು, ಮೊದಲು ಪರೀಕ್ಷೆಗೆಂದು ಹೊಲಿದು ನೋಡುವ ತೆಳು ಬಟ್ಟೆಗೆ 14. ಹೊಲಿಗೆಯ ಉದ್ದ ಇಂಚಿಗೆ ಸುಮಾರು ಹತ್ತು ಟಾಕು ಬರುವಂತೆ ಇರಲಿ. ಎರಡು ಪದರ ಪ್ಯಾಂಟ್ ಬಟ್ಟೆಯ ಮೇಲೆ, ಮೇಲಿನ ದಾರ ಒಂದು ಬಣ್ಣ, ಬಾಬಿನ್ ದಾರ ಇನ್ನೊಂದು ಬಣ್ಣ ಹಾಕಿ ಹೊಲಿದು ನೋಡಿ. ಬಾಬಿನ್ನಿನ ಬಣ್ಣ ಮೇಲೆ ಕಂಡರೆ ಮೇಲಿನ ಟೆನ್ಷನ್ ಹೆಚ್ಚಾಗಿದೆ. ಕೆಳಗೆ ಗಂಟುಗಂಟಾದರೆ ಬಹುತೇಕ ಸಲ ತಪ್ಪು ಮೇಲಿನದೇ: ದಾರ ಟೆನ್ಷನ್ ತಟ್ಟೆಗಳ ನಡುವೆ ಕೂತಿರುವುದಿಲ್ಲ. ಬಾಬಿನ್ ಕೇಸಿನ ಸ್ಕ್ರೂ ತಿರುಗಿಸುವ ಮೊದಲು ಮೇಲಿನ ದಾರವನ್ನು ಪೂರ್ತಿ ಬಿಚ್ಚಿ, ಪಾದ ಎತ್ತಿ, ಮತ್ತೆ ಪೋಣಿಸಿ.

ಕೈ ತಪ್ಪಿಹೋಗಿದೆ ಎನಿಸಿದರೆ ದಾರವಿಲ್ಲದೆ, ಗೆರೆ ಎಳೆದ ನೋಟ್‌ಬುಕ್ ಹಾಳೆಯ ಮೇಲೆ ಓಡಿಸಿ. ನೇರ ಗೆರೆ ಎಲ್ಲರಿಗೂ ಬೇಗ ಬರುತ್ತದೆ. ತಟ್ಟೆಯ ಅಂಚಿನಿಂದ ಬಾಗಿದ ಗೆರೆ ಎಳೆದು ಅದರ ಮೇಲೂ ಹೊಲಿಯಿರಿ. ಆಮೇಲೆ ಒಂದು ದಿಂಬಿನ ಚೀಲ, ಒಂದು ಸಂತೆ ಚೀಲ. ಅಷ್ಟು ಸಾಕು, ಇನ್ನೂ ಅಭ್ಯಾಸ ಮಾಡುತ್ತೇನೆಂದು ಕೂತರೆ ಪ್ಯಾಂಟ್ ಮುಂದೆ ಹೋಗುತ್ತಲೇ ಇರುತ್ತದೆ.

ಬಟ್ಟೆ

ಮೊದಲ ಪ್ಯಾಂಟಿಗೆ ಹತ್ತಿಯ ಡ್ರಿಲ್, ಟ್ವಿಲ್ ಅಥವಾ ದಪ್ಪ ಖಾದಿ ಒಳ್ಳೆಯದು. ಹಿಗ್ಗುವ ಲೈಕ್ರಾ ಬಟ್ಟೆ ಸುಲಭವೆಂದು ಅಂಗಡಿಯಲ್ಲಿ ಹೇಳುತ್ತಾರೆ, ನಂಬಬೇಡಿ. ಅದು ಹಿಗ್ಗಿ ನಿಮ್ಮ ತಪ್ಪನ್ನು ಮುಚ್ಚುತ್ತದೆ, ತಪ್ಪು ಎಲ್ಲಿದೆಯೆಂದು ತೋರಿಸುವುದಿಲ್ಲ. ಚೌಕಳಿ ಬಟ್ಟೆಯಲ್ಲಿ ಗೆರೆಗೆ ಗೆರೆ ಕೂಡಿಸುವ ಕಷ್ಟ, ಜಾರುವ ಬಟ್ಟೆಯಲ್ಲಿ ಎಲ್ಲವೂ ಕಷ್ಟ. ಬಟ್ಟೆಯನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ, ಬೆಳಕಿಗೆ ಹಿಡಿದು ನೋಡಿ. ಒಳಗಿನ ಬೆರಳಿನ ನೆರಳು ಕಾಣದಷ್ಟು ದಟ್ಟವಾಗಿರಬೇಕು, ಆದರೆ ಮಡಚಿದರೆ ರಟ್ಟಿನಂತೆ ನಿಲ್ಲಬಾರದು. ವಿಜಯಪುರ, ಬಾಗಲಕೋಟೆಯ ಬೇಸಿಗೆಯಲ್ಲಿ ಧರಿಸುವುದಾದರೆ ಇನ್ನೊಂದು ಹದ ತೆಳುವಾದ ಹತ್ತಿ ಅಥವಾ ಲಿನನ್ ತೆಗೆದುಕೊಂಡು ತೊಡೆಯಲ್ಲಿ ಸಡಿಲ ಹೆಚ್ಚಿಸಿ. ಬಿಗಿಯಾದ ತೆಳು ಪ್ಯಾಂಟಿಗಿಂತ ಸಡಿಲವಾದ ಪ್ಯಾಂಟೇ ತಂಪು.

ಬೆಳಗಾವಿಯಲ್ಲಿರುವವರು ಗಣಪತ ಗಲ್ಲಿ, ಖಡೇಬಜಾರಗಳಲ್ಲಿ ಹುಡುಕುವುದರ ಜೊತೆಗೆ ಖಾದಿಯನ್ನೂ ಒಮ್ಮೆ ಮುಟ್ಟಿ ನೋಡಬೇಕು. 1937ರಲ್ಲಿ ಗಾಂಧೀಜಿ ಬಂದು ತಂಗಿದ್ದ ಹುದಲಿ ಇಲ್ಲೇ ಹತ್ತಿರದಲ್ಲಿದೆ, ಖಾದಿಗೆ ಹೆಸರಾದ ಊರು. ಖಾದಿ ಒಗೆದಷ್ಟೂ ಮೆದುವಾಗಿ ಮೈಗೆ ಕೂರುತ್ತದೆ, ಪ್ಯಾಂಟಿಗೆ ಬೇಕಾದ ಗುಣ ಅದೇ. ಆದರೆ ಕುಗ್ಗುತ್ತದೆ. ಗುಳೇದಗುಡ್ಡದ ಖಣ ಎಷ್ಟೇ ಆಸೆ ಹುಟ್ಟಿಸಿದರೂ ಪ್ಯಾಂಟಿಗೆ ಹೊಂದುವುದಿಲ್ಲ, ಅದು ಕುಬಸಕ್ಕೆಂದು ನೇಯುವ ಕಿರಿದಾದ ಬಟ್ಟೆ. ಹಳೆಯ ಖಣದ ತುಂಡಿದ್ದರೆ ಸೊಂಟಪಟ್ಟಿಯ ಒಳಬದಿಗೆ ಹಾಕಿ. ಯಾರಿಗೂ ಕಾಣದು, ಹಾಕಿಕೊಳ್ಳುವಾಗ ನಿಮಗೆ ಕಾಣುತ್ತದೆ.

ಎಷ್ಟು ಬಟ್ಟೆ? 58 ಇಂಚು ಅಗಲದ್ದಾದರೆ ಒಂದೂವರೆ ಮೀಟರ್, 44 ಇಂಚಿನದಾದರೆ ಎರಡೂಕಾಲರಿಂದ ಎರಡೂವರೆ. ಸೀಟ್, ಅಂದರೆ ಹಿಂಭಾಗದ ಅತಿ ತುಂಬಿದ ಕಡೆಯ ಸುತ್ತಳತೆ, 44 ಇಂಚು ದಾಟಿದ್ದರೆ ಅಥವಾ ನೀವು ಎತ್ತರವಿದ್ದರೆ ಕಾಲು ಮೀಟರ್ ಹೆಚ್ಚಿಗೆ. ತಂದ ದಿನವೇ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿ. ಹತ್ತಿ ಬಟ್ಟೆ ಮೀಟರಿಗೆ ಇಂಚೂ ಕುಗ್ಗಬಹುದು, ಎರಡು ಇಂಚೂ ಕುಗ್ಗಬಹುದು. ಕುಗ್ಗುವುದಿದ್ದರೆ ಕತ್ತರಿ ಬೀಳುವ ಮೊದಲೇ ಕುಗ್ಗಲಿ. ಜುಲೈ ತಿಂಗಳ ಬೆಳಗಾವಿಯಲ್ಲಿ ಅದು ಒಣಗುವ ಹೊತ್ತಿಗೆ ಕಾಗದದ ಮೇಲೆ ನಿಮ್ಮ ನಕ್ಷೆ ಬರೆಯುವ ಕೆಲಸ ಮುಗಿದಿರುತ್ತದೆ. ಇದರ ಜೊತೆ ಪರೀಕ್ಷೆಗೆಂದು ಅಗ್ಗದ ಕೋರಾ ಬಟ್ಟೆ, ಅಥವಾ ಮನೆಯಲ್ಲಿರುವ ಹಳೆಯ ಬೆಡ್‌ಶೀಟ್.

ಅಳತೆ

ತೆಳುವಾದ ಒಳಉಡುಪಿನ ಮೇಲೆ, ಬರಿಗಾಲಿನಲ್ಲಿ, ಕನ್ನಡಿಯ ಮುಂದೆ ಅಳೆಯಿರಿ. ಸೊಂಟಪಟ್ಟಿಯ ಕೆಳ ಅಂಚು ಎಲ್ಲಿ ಕೂರಬೇಕೆಂದು ನಿಮಗೆ ಇಷ್ಟವೋ ಅಲ್ಲಿ ಒಂದು ದಾರ ಬಿಗಿದು ಕಟ್ಟಿಕೊಳ್ಳಿ. ನಾಲ್ಕು ಹೆಜ್ಜೆ ನಡೆದು, ಕುಳಿತು, ಎದ್ದು ನೋಡಿ. ದಾರ ತಾನಾಗಿಯೇ ಹೋಗಿ ನಿಂತ ಜಾಗವೇ ನಿಮ್ಮ ಸೊಂಟ. ಮುಂದಿನ ಎಲ್ಲ ಅಳತೆಗಳೂ ಈ ದಾರದಿಂದ.

ಸೊಂಟ, ಅಂದರೆ ದಾರದ ಸುತ್ತಳತೆ. ಸೀಟ್, ಪಾದ ಕೂಡಿಸಿ ನಿಂತು ಅತಿ ತುಂಬಿದ ಭಾಗದಲ್ಲಿ, ಟೇಪ್ ನೆಲಕ್ಕೆ ಸಮನಾಗಿರುವಂತೆ ಕನ್ನಡಿಯಲ್ಲಿ ನೋಡಿಕೊಂಡು. ಹೊಟ್ಟೆ ಮುಂದೆ ಬಂದಿದ್ದರೆ ಅದನ್ನೂ ಸೇರಿಸಿ ಅಳೆಯಿರಿ, ಒಳಗೆಳೆದುಕೊಂಡು ಯಾರನ್ನೂ ಮೋಸಗೊಳಿಸಲಾಗದು. ಉದ್ದ, ಪಕ್ಕದಲ್ಲಿ ದಾರದಿಂದ ಹಿಮ್ಮಡಿಯ ಗಂಟಿನವರೆಗೆ. ತೊಡೆ, ಮೊಣಕಾಲು, ಮೀನಖಂಡ, ಮತ್ತು ಕೆಳಗೆ ಬೇಕಾದ ಬಾಟಮ್ ಅಗಲ.

ಇನ್ನೆರಡು ಅಳತೆಗಳನ್ನು ಹಲವರು ತೆಗೆಯುವುದೇ ಇಲ್ಲ, ಆದರೆ ಮುಖ್ಯವಾದವು ಅವೇ. ಒಂದು, ದರ್ಜಿಗಳು ಆಸನ ಎನ್ನುವ ಆಳ. ಗಟ್ಟಿಯಾದ ಸಪಾಟು ಸ್ಟೂಲಿನ ಮೇಲೆ ನೆಟ್ಟಗೆ ಕುಳಿತು, ಪಕ್ಕದಲ್ಲಿ ದಾರದಿಂದ ಸ್ಟೂಲಿನ ಹಲಗೆಯವರೆಗೆ ಅಳೆಯಿರಿ. ಇನ್ನೊಂದು, ಕವಲಿನ ಸುತ್ತು. ಹೊಟ್ಟೆಯ ಮೇಲಿನ ದಾರದಿಂದ ಟೇಪನ್ನು ಕಾಲುಗಳ ನಡುವೆ ಹಾಯಿಸಿ ಬೆನ್ನ ಹಿಂದಿನ ದಾರಕ್ಕೆ ಮುಟ್ಟಿಸಿ, ಬಿಗಿಯಬೇಡಿ. ನಕ್ಷೆ ಬರೆದ ಮೇಲೆ ಅದು ಸರಿಯೋ ತಪ್ಪೋ ಎಂದು ಹೇಳುವುದು ಈ ಎರಡನೆಯದು.

ಕಾಗದದ ಮೇಲೆ

ಒಂದು ಉದಾಹರಣೆ ಇಟ್ಟುಕೊಳ್ಳೋಣ: ಸೊಂಟ 34, ಸೀಟ್ 40, ಆಸನ 9½, ಉದ್ದ 37, ಮೊಣಕಾಲಿನಲ್ಲಿ ಪ್ಯಾಂಟ್ 19, ಬಾಟಮ್ 16, ಎಲ್ಲ ಇಂಚಿನಲ್ಲಿ. ಇದು ನೇರ ಕಾಲಿನ, ತುಸು ಸಡಿಲವಾದ ಪ್ಯಾಂಟ್. ಖಾಕಿ ಕಾಗದ ಹಾಸಿ ಮೊದಲು ಮುಂಭಾಗ ಬರೆಯಿರಿ. ಮಾರ್ಜಿನ್, ಅಂದರೆ ಹೊಲಿಗೆಯ ಆಚೆಗೆ ಬಿಡುವ ಹೆಚ್ಚಿನ ಬಟ್ಟೆ, ಈಗಲೇ ಸೇರಿಸಬೇಡಿ.

ಕಾಗದದ ಒಂದು ಬದಿಗೆ ಉದ್ದ ಗೆರೆ ಎಳೆಯಿರಿ, ಅದು ಪಕ್ಕದ ಗೆರೆ. ಮೇಲ್ತುದಿ ಸೊಂಟ. ಅಲ್ಲಿಂದ ಆಸನಕ್ಕೆ ಅರ್ಧ ಇಂಚು ಸೇರಿಸಿ 10 ಇಂಚು ಕೆಳಗೆ ಅಡ್ಡಗೆರೆ, ಇದು ಕವಲಿನ ಗೆರೆ. ಅದರಿಂದ 3 ಇಂಚು ಮೇಲೆ ಸೀಟಿನ ಗೆರೆ. ಸೊಂಟದಿಂದ 37 ಇಂಚಿಗೆ ಕೆಳ ಅಂಚು. ಕವಲಿಗೂ ಕೆಳ ಅಂಚಿಗೂ ನಡುಮಧ್ಯ ಹುಡುಕಿ, ಅದರಿಂದ ಒಂದೂವರೆ ಇಂಚು ಮೇಲೆ ಮೊಣಕಾಲಿನ ಗೆರೆ.

ಸೀಟಿನ ಗೆರೆಯ ಮೇಲೆ ಮುಂಭಾಗದ ಅಗಲ, ಸೀಟಿನ ನಾಲ್ಕನೇ ಒಂದು ಭಾಗಕ್ಕೆ ಕಾಲು ಇಂಚು ಸೇರಿಸಿ, 10¼. ಅಲ್ಲಿಂದ ಮೇಲೂ ಕೆಳಗೂ ನೆಟ್ಟಗೆ ಗೆರೆ ಎಳೆದರೆ ಮುಂದಿನ ನಡುಗೆರೆ. ಅದು ಕವಲಿನ ಗೆರೆಯನ್ನು ಕೂಡುವ ಮೂಲೆಯಿಂದ ಹೊರಕ್ಕೆ ಸೀಟಿನ ಹದಿನಾರನೇ ಒಂದು ಭಾಗ, ಅಂದರೆ 2½ ಇಂಚು ಚಾಚಿ. ಆ ತುದಿಯೇ ಮುಂದಿನ ಕವಲಿನ ತುದಿ. ಮೂಲೆಯಿಂದ ಓರೆಯಾಗಿ 1¼ ಇಂಚಿಗೆ ಒಂದು ಚುಕ್ಕೆ ಇಟ್ಟು, ಸೀಟಿನ ಗೆರೆಯಿಂದ ಆ ಚುಕ್ಕೆಯ ಮೂಲಕ ಕವಲಿನ ತುದಿಗೆ ಬಾಗಿದ ಗೆರೆ ಎಳೆಯಿರಿ. ಸೊಂಟದಲ್ಲಿ ನಡುಗೆರೆಯಿಂದ ಅರ್ಧ ಇಂಚು ಒಳಗೆ ಬನ್ನಿ. ಅಲ್ಲಿಂದ ಪಕ್ಕಕ್ಕೆ ಸೊಂಟದ ನಾಲ್ಕನೇ ಒಂದು ಭಾಗ, ಕಾಲು ಇಂಚು, ಡಾರ್ಟಿಗೆ (ಸೊಂಟದಲ್ಲಿ ಚಿವುಟಿ ಹೊಲಿಯುವ ಮೊನಚು ಮಡಿಕೆಗೆ) ಅರ್ಧ ಇಂಚು, ಒಟ್ಟು 9¼. ಉಳಿದದ್ದನ್ನು ಪಕ್ಕದ ಗೆರೆಯನ್ನು ಸೀಟಿನ ಗೆರೆಯವರೆಗೆ ಮೆಲ್ಲಗೆ ಬಾಗಿಸಿ ತೆಗೆಯಿರಿ.

ಕವಲಿನ ಗೆರೆಯ ಪೂರ್ತಿ ಅಗಲ ಈಗ 12¾. ಅದರ ಅರ್ಧಕ್ಕೆ ಮೇಲಿಂದ ಕೆಳಗೆ ನೇರ ಗೆರೆ: ಇಸ್ತ್ರಿಯ ಗೆರೆ ಬೀಳುವ ಜಾಗ ಇದು, ಬಟ್ಟೆಯ ಹಾಸಿನೆಳೆಯೂ (ಉದ್ದಕ್ಕೆ ಓಡುವ ನೂಲು) ಇದರ ಗುಂಟವೇ ಓಡಬೇಕು. ಮೊಣಕಾಲಿನಲ್ಲಿ ಈ ಗೆರೆಯ ಎರಡೂ ಬದಿಗೆ 4½, ಕೆಳಗೆ ಎರಡೂ ಬದಿಗೆ 3¾. ಚುಕ್ಕೆಗಳನ್ನು ಕೂಡಿಸಿ, ಕವಲಿನ ತುದಿಯಿಂದ ಮೊಣಕಾಲಿಗೆ ಇಳಿಯುವ ಗೆರೆ ಸ್ವಲ್ಪ ಒಳಕ್ಕೆ ಬಾಗಿರಲಿ.

ಹಿಂಭಾಗ ಬೇರೆ ಕಾಗದದ ಮೇಲೆ, ಅಡ್ಡಗೆರೆಗಳೆಲ್ಲ ಅವೇ. ಸೀಟಿನ ಅಗಲ 10¾. ಕವಲಿನ ಚಾಚು ಸೀಟಿನ ಎಂಟನೇ ಒಂದು ಭಾಗದಿಂದ ಅರ್ಧ ಇಂಚು ಕಳೆದು, 4½. ಈ ತುದಿಯನ್ನು ಅರ್ಧ ಇಂಚು ಕೆಳಗಿಳಿಸಿ. ಮೂಲೆಯಿಂದ ಓರೆ ಚುಕ್ಕೆ 1¾ ಇಂಚಿಗೆ. ಸೊಂಟದಲ್ಲಿ ನಡುಗೆರೆಯಿಂದ 1 ಇಂಚು ಒಳಗೆ ಬಂದು 1 ಇಂಚು ಮೇಲೇರಿ. ನೆಲದ ಮೇಲೆ ಕುಳಿತಾಗ ಬೆನ್ನು ಮುಚ್ಚುವುದು ಈ ಮೇಲೇರಿಸಿದ ಇಂಚೇ. ಇಲ್ಲಿಂದ ಪಕ್ಕಕ್ಕೆ ಸೊಂಟದ ಕಾಲುಭಾಗ, ಕಾಲು ಇಂಚು, ಡಾರ್ಟಿಗೆ ಮುಕ್ಕಾಲು ಇಂಚು, ಒಟ್ಟು 9½. ಡಾರ್ಟ್ ಮುಂದೆ 3½ ಇಂಚು, ಹಿಂದೆ 5 ಇಂಚು ಉದ್ದ. ನಡುವಿನ ನೇರ ಗೆರೆ 15¼ರ ಅರ್ಧಕ್ಕೆ. ಮೊಣಕಾಲಿನಲ್ಲಿ ಎರಡೂ ಬದಿಗೆ 5, ಕೆಳಗೆ 4¼.

ಈಗ ಟೇಪನ್ನು ಅಂಚಿನ ಮೇಲೆ ನಿಲ್ಲಿಸಿ ಮುಂದಿನ ಬಾಗು, ಹಿಂದಿನ ಬಾಗು ಎರಡನ್ನೂ ಅಳೆದು ಕೂಡಿಸಿ. ನಿಮ್ಮ ಕವಲಿನ ಸುತ್ತಿಗಿಂತ ಅರ್ಧದಿಂದ ಒಂದು ಇಂಚು ಹೆಚ್ಚಿದ್ದರೆ ಸರಿ. ಕಡಿಮೆ ಬಂದರೆ ಹಿಂದಿನ ಸೊಂಟವನ್ನು ಏರಿಸುವುದರಲ್ಲೋ ಕವಲಿನ ಚಾಚಿನಲ್ಲೋ ತುಂಬಿಸಿ. ಸೀಟ್ ತುಂಬಿದ್ದವರು ಹಿಂದೆ, ಹೊಟ್ಟೆ ತುಂಬಿದ್ದವರು ಮುಂದೆ.

ಕೋರಾ ಬಟ್ಟೆಯ ಪರೀಕ್ಷೆ

ಇದನ್ನು ಬಿಟ್ಟು ಮುಂದೆ ಹೋಗುವವರಿಗೆ ಈ ಬರಹದಿಂದ ಹೆಚ್ಚಿನ ಪ್ರಯೋಜನವಿಲ್ಲ. ಎಲ್ಲ ಕಡೆ ಒಂದು ಇಂಚು ಮಾರ್ಜಿನ್ ಬಿಟ್ಟು ಕೋರಾ ಬಟ್ಟೆ ಕತ್ತರಿಸಿ. ಸೀಟ್, ಕವಲು, ಮೊಣಕಾಲಿನ ಅಡ್ಡಗೆರೆ, ನಡುವಿನ ಉದ್ದ ಗೆರೆ ಎಲ್ಲವನ್ನೂ ಪೆನ್ನಿನಿಂದ ಹೊರಬದಿಗೇ ಬರೆಯಿರಿ. ಉದ್ದವಾದ ಕಚ್ಚಾ ಹೊಲಿಗೆಯಲ್ಲಿ ಕೂಡಿಸಿ: ಮೊದಲು ಪಕ್ಕ, ಆಮೇಲೆ ಕಾಲಿನ ಒಳಬದಿ, ಕೊನೆಗೆ ಕವಲು. ಕವಲಿನ ಬಾಗಿನಲ್ಲಿ ಮಾರ್ಜಿನನ್ನು ಅರ್ಧ ಇಂಚಿಗೆ ಕತ್ತರಿಸಿಬಿಡಿ. ಅಲ್ಲಿ ಬಟ್ಟೆ ಹೆಚ್ಚಿದ್ದರೆ ಬಾಗು ಒತ್ತಿ, ಇಲ್ಲದ ದೋಷ ಕಾಣಿಸುತ್ತದೆ. ಜಿಪ್ ಬೇಡ, ಎಡ ಪಕ್ಕದಲ್ಲಿ ಏಳು ಇಂಚು ತೆರೆದಿಟ್ಟು ಪಿನ್ನು ಹಾಕಿ. ಸೊಂಟಕ್ಕೆ ಒಂದು ಅಗಲ ಎಲಾಸ್ಟಿಕ್ ಕಟ್ಟಿ, ಸೊಂಟದ ಗೆರೆ ಅದರ ಕೆಳಗೆ ಬರುವಂತೆ ಪಿನ್ನು ಮಾಡಿ.

ಕನ್ನಡಿಯಲ್ಲಿ ತಿರುಗಿ ಹಿಂಭಾಗ ನೋಡಲು ಹೋದರೆ ಬಟ್ಟೆಯೂ ತಿರುಗುತ್ತದೆ. ಮೊಬೈಲನ್ನು ಸೊಂಟದ ಎತ್ತರಕ್ಕೆ ಇಟ್ಟು ಟೈಮರ್ ಹಾಕಿ ಮುಂದೆ, ಪಕ್ಕ, ಹಿಂದೆ ಚಿತ್ರ ತೆಗೆಯಿರಿ. ಮೊದಲು ಸುಕ್ಕು ನೋಡಬೇಡಿ, ಗೆರೆಗಳನ್ನು ನೋಡಿ. ಸೀಟಿನ ಗೆರೆ ನೆಲಕ್ಕೆ ಸಮನಾಗಿದೆಯೇ? ಹಿಂದೆ ಕೆಳಗೆ ಬಾಗಿದ್ದರೆ ಅಲ್ಲಿ ಉದ್ದ ಹೆಚ್ಚಾಗಿದೆ, ಮೇಲಕ್ಕೆ ಎಳೆದಿದ್ದರೆ ಕಡಿಮೆಯಾಗಿದೆ. ಪಕ್ಕದ ಹೊಲಿಗೆ ನೆಟ್ಟಗಿದೆಯೇ? ದಾರಕ್ಕೆ ಬೀಗದ ಕೈ ಕಟ್ಟಿ ಸೊಂಟದಿಂದ ಇಳಿಬಿಟ್ಟರೆ ಗೊತ್ತಾಗುತ್ತದೆ. ಹೊಲಿಗೆ ಮುಂದಕ್ಕೆ ಎಳೆದಿದ್ದರೆ ಹೊಟ್ಟೆಗೆ ಬಟ್ಟೆ ಸಾಲದು, ಹಿಂದಕ್ಕೆ ಎಳೆದಿದ್ದರೆ ಸೀಟಿಗೆ ಸಾಲದು.

ಆಮೇಲೆ ಸುಕ್ಕು. ಬಿಗಿಯಾದ ಸುಕ್ಕು ಬಟ್ಟೆ ಬೇಡುತ್ತಿರುವ ಜಾಗವನ್ನು ಬೆರಳು ಮಾಡಿ ತೋರಿಸುತ್ತದೆ. ಸಡಿಲವಾದ ಸುಕ್ಕು ಬಟ್ಟೆ ಹೆಚ್ಚಾದ ಜಾಗದಲ್ಲೇ ಬೀಳುತ್ತದೆ.

ಮುಂದೆ ಕವಲಿನಿಂದ ಎರಡೂ ತೊಡೆಗಳ ಕಡೆಗೆ ಮೀಸೆಯಂತೆ ಬಿಗಿ ಗೆರೆಗಳು ಹರಡಿದ್ದರೆ ಮುಂದಿನ ಚಾಚು ಸಾಲದು. ಕಾಲಿನ ಒಳಹೊಲಿಗೆಯನ್ನು ಕವಲಿನ ಹತ್ತಿರ ಬಿಚ್ಚಿ, ಮುಂಭಾಗದ ಮಾರ್ಜಿನಿನಿಂದ ಕಾಲು ಇಂಚು ಬಿಡಿ. ಇಂಥದೇ ಗೆರೆಗಳು ಹಿಂದೆ, ಸೀಟಿನ ಕೆಳಗಿನಿಂದ ಕವಲಿನತ್ತ ಓರೆಯಾಗಿ ಎಳೆದಿದ್ದರೆ ಹಿಂದಿನ ಚಾಚು ಹೆಚ್ಚಿಸಬೇಕು. ತೊಡೆ ದಪ್ಪವಿದ್ದವರಲ್ಲಿ ಎರಡೂ ಕಾಣುವುದು ಸಾಮಾನ್ಯ.

ಕುಳಿತಾಗ ಹಿಂದಿನ ಸೊಂಟ ಜಾರಿದರೆ ಹಿಂದಿನ ಬಾಗು ಗಿಡ್ಡವಾಗಿದೆ. ಸೊಂಟದ ನಡುಭಾಗದಲ್ಲಿ ಇನ್ನೂ ಅರ್ಧ ಇಂಚು ಏರಿಸಿ. ಅದೂ ಸಾಲದಿದ್ದರೆ ಸೀಟಿನ ಗೆರೆಯ ಗುಂಟ ನಡುವಿನಿಂದ ಪಕ್ಕದವರೆಗೆ ಕತ್ತರಿಸಿ, ನಡುವಿನಲ್ಲಿ ತೆರೆದು, ಅಗಲಿದ ಜಾಗಕ್ಕೆ ತುಂಡು ಬಟ್ಟೆ ಸೇರಿಸಿ. ಪಕ್ಕದಲ್ಲಿ ತೆರೆಯಬಾರದು. ಇದರ ಉಲ್ಟಾ ಎಂದರೆ ಬೆನ್ನ ಕೆಳಗೆ, ಸೊಂಟಪಟ್ಟಿಯ ತಳದಲ್ಲಿ ಅಡ್ಡಲಾಗಿ ಮಡಿಕೆ ಬೀಳುವುದು. ಸೊಂಟ ಒಳಕ್ಕೆ ಬಾಗಿದವರಿಗೆ ಹೀಗಾಗುತ್ತದೆ. ಆ ಮಡಿಕೆಯನ್ನು ಪಿನ್ನಿನಿಂದ ಚಿವುಟಿ, ಅಷ್ಟನ್ನು ಹಿಂದಿನ ಸೊಂಟದ ನಡುವಿನಿಂದ ಇಳಿಸಿ.

ಸೀಟಿನ ಕೆಳಗೆ ಚೀಲದಂತೆ ಜೋಲುವುದು ಸೀಟ್ ಸಪಾಟಾಗಿರುವವರ ತೊಂದರೆ. ಪಕ್ಕದ ಹೊಲಿಗೆ ಬಿಗಿದು ಅದನ್ನು ಸರಿಮಾಡಲು ನೋಡುತ್ತಾರೆ, ಆಗುವುದಿಲ್ಲ. ಹಿಂದಿನ ಚಾಚನ್ನು ಅರ್ಧ ಇಂಚು ಕಡಿಮೆ ಮಾಡಿ, ಸೊಂಟದ ಏರಿಕೆಯನ್ನೂ ಅರ್ಧ ಇಂಚು ಇಳಿಸಿ ನೋಡಿ.

ಇನ್ನು ಕವಲು ಕಚ್ಚುವುದು. ಹಿಂದೆ ಬಟ್ಟೆ ಒಳಗೆ ಸಿಕ್ಕಿಕೊಳ್ಳುತ್ತಿದ್ದರೆ ಹೊಲಿಗೆಯ ಬಾಗನ್ನು, ತುದಿ ಹಾಗೆಯೇ ಇರಲು ಬಿಟ್ಟು, ಕಾಲು ಇಂಚು ಆಳಕ್ಕೆ ತೋಡಿ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಬಹಳ ಗಟ್ಟಿಯಾಗಿ ಬೇರೂರಿದೆ: ಇಡೀ ಕವಲನ್ನು ಕೆಳಗಿಳಿಸಿದರೆ ಆರಾಮವೆಂದು. ಕವಲು ಕೆಳಗಿಳಿದಷ್ಟೂ ಹೆಜ್ಜೆ ಅಗಲಿಸಿದಾಗ ಇಡೀ ಪ್ಯಾಂಟ್ ಕೆಳಕ್ಕೆ ಎಳೆಯುತ್ತದೆ. ಸ್ಕೂಟರ್ ಹತ್ತಲು ಕಾಲೆತ್ತಿದರೆ ತಿಳಿಯುತ್ತದೆ. ಕವಲು ಮೈಗೆ ಹತ್ತಿರವಿರಬೇಕು, ಬಾಗು ಸಾಕಷ್ಟು ಆಳವಿರಬೇಕು.

ಒಂದು ಸಲಕ್ಕೆ ಒಂದೇ ತಿದ್ದುಪಡಿ. ಎರಡನ್ನು ಒಟ್ಟಿಗೆ ಮಾಡಿದರೆ ಯಾವುದರಿಂದ ಏನಾಯಿತೆಂದು ಹೇಳಲಾಗದು. ಮೇಲಿನಿಂದ ಕೆಳಕ್ಕೆ ಬನ್ನಿ: ಸೊಂಟ ಮತ್ತು ಏರಿಕೆ, ಆಮೇಲೆ ಸೀಟಿನ ಅಗಲ, ಆಮೇಲೆ ಕವಲು, ಕೊನೆಗೆ ಕಾಲಿನ ಅಗಲ. ಪ್ರತಿ ಸಲವೂ ನಿಂತು, ನಡೆದು, ಮೆಟ್ಟಿಲು ಹತ್ತಿ, ನೆಲದ ಮೇಲೆ ಚಕ್ಕಳಮಕ್ಕಳ ಕುಳಿತು ನೋಡಿ. ನಿಂತಾಗ ಒಂದೂ ಸುಕ್ಕಿಲ್ಲದ ಪ್ಯಾಂಟಿನಲ್ಲಿ ಕೂರಲು ಬರುವುದಿಲ್ಲ. ಸೀಟಿನ ಕೆಳಗೆ ಒಂದೆರಡು ಮೆದು ಮಡಿಕೆ ಇರಲೇಬೇಕು, ಅವು ನೀವು ಕೂರುವಾಗ ಖರ್ಚಾಗುವ ಬಟ್ಟೆ. ತೃಪ್ತಿಯಾದ ಮೇಲೆ ಕೋರಾ ಬಟ್ಟೆಯನ್ನು ಬಿಚ್ಚಿ, ತಿದ್ದಿದ್ದನ್ನೆಲ್ಲ ಕಾಗದಕ್ಕೆ ಇಳಿಸಿ, ದಿನಾಂಕ ಬರೆದಿಡಿ.

ಕತ್ತರಿಸುವುದು

ಬಟ್ಟೆಯನ್ನು ಒಳಬದಿ ಹೊರಗೆ ಬರುವಂತೆ ಮಡಚಿ, ಎರಡು ಪದರ ಒಟ್ಟಿಗೆ ಕತ್ತರಿಸಿ. ಒಂದೊಂದೇ ಪದರ ಕತ್ತರಿಸಲು ಹೋಗಿ ಎರಡು ಎಡಗಾಲು ಮಾಡಿಕೊಂಡವರು ಬಹಳ. ನಕ್ಷೆಯ ಇಸ್ತ್ರಿಯ ಗೆರೆಯ ಎರಡೂ ತುದಿಗಳು ಬಟ್ಟೆಯ ಅಂಚಿನಿಂದ ಒಂದೇ ದೂರದಲ್ಲಿವೆಯೇ ಎಂದು ಟೇಪಿನಿಂದ ಅಳೆದು ನೋಡಿ, ಕಣ್ಣಳತೆ ಬೇಡ. ಹಾಸಿನೆಳೆ ಓರೆಯಾದ ಪ್ಯಾಂಟ್ ಎರಡು ಒಗೆತದ ನಂತರ ಕಾಲಿನ ಸುತ್ತ ತಿರುಚಿಕೊಳ್ಳುತ್ತದೆ, ಆಗ ಯಾವ ಉಪಾಯವೂ ಇಲ್ಲ. 58 ಇಂಚಿನ ಬಟ್ಟೆಯಲ್ಲಿ ಮುಂಭಾಗವನ್ನು ನೆಟ್ಟಗೂ ಹಿಂಭಾಗವನ್ನು ತಲೆಕೆಳಗಾಗಿಯೂ ಇಟ್ಟರೆ ಎರಡೂ ಅಕ್ಕಪಕ್ಕ ಹಿಡಿಯುತ್ತವೆ. ಒಂದೇ ದಿಕ್ಕಿನ ವಿನ್ಯಾಸವಿರುವ ಬಟ್ಟೆಯಲ್ಲಿ ಇದು ನಡೆಯದು.

ಮಾರ್ಜಿನ್: ಪಕ್ಕಕ್ಕೆ 1 ಇಂಚು, ಸೊಂಟಕ್ಕೆ ½, ಕವಲಿನ ಬಾಗಿಗೆ ½, ಒಳಹೊಲಿಗೆಗೆ ಮುಂದೆ ½, ಹಿಂದೆ 1, ಕೆಳಗೆ 2. ಹಿಂದಿನ ನಡುವಿಗೆ ಮಾತ್ರ ಸೊಂಟದಲ್ಲಿ 1½ ಇಂಚು ಬಿಟ್ಟು, ಬಾಗಿನ ಹೊತ್ತಿಗೆ ½ ಇಂಚಿಗೆ ಇಳಿಯುವಂತೆ ಕತ್ತರಿಸಿ. ನಮ್ಮ ದರ್ಜಿಗಳು ಗಂಡಸರ ಪ್ಯಾಂಟಿಗೆ ಇದನ್ನು ಮೊದಲಿನಿಂದಲೂ ಬಿಡುತ್ತಾರೆ, ಮೈ ಬಂದರೆ ಅರ್ಧ ಗಂಟೆಯಲ್ಲಿ ಸೊಂಟ ಬಿಡಿಸಲು. ಹೆಂಗಸರ ಸಿದ್ಧ ಉಡುಪಿನಲ್ಲಿ ಇದು ಸಿಗುವುದು ಅಪರೂಪ. ಮನೆಯಲ್ಲಿ ಹೊಲಿಯುವುದರ ಲಾಭಗಳಲ್ಲಿ ಇದೊಂದನ್ನು ನಾನು ಎಲ್ಲಕ್ಕಿಂತ ಮೇಲಿಡುತ್ತೇನೆ.

ಸೊಂಟಪಟ್ಟಿಯನ್ನು ಬಟ್ಟೆಯ ಉದ್ದಕ್ಕೇ, 4 ಇಂಚು ಅಗಲಕ್ಕೆ, ಎರಡು ತುಂಡುಗಳಾಗಿ ಕತ್ತರಿಸಿ: ಎಡ ಪಕ್ಕದ ಜಿಪ್ಪಿನಿಂದ ಹೊಟ್ಟೆಯ ಮೇಲೆ ಬಲಕ್ಕೆ ಸುತ್ತಿ ಹಿಂದಿನ ನಡುವಿನವರೆಗೆ ಉದ್ದದ್ದೊಂದು, ಅಲ್ಲಿಂದ ಎಡ ಪಕ್ಕದವರೆಗೆ ಗಿಡ್ಡದ್ದೊಂದು. ಎರಡಕ್ಕೂ ಕೊಂಡಿಗೆ ಮತ್ತು ಹಿಂದಿನ ಮಾರ್ಜಿನಿಗೆ ಸಾಕಷ್ಟು ಹೆಚ್ಚಿಗೆ ಇರಲಿ. ಒಳಗೆ, ಪಟ್ಟಿ ಗಟ್ಟಿಯಾಗಿ ನಿಲ್ಲಲು, ಒಂದೂವರೆ ಇಂಚಿನ ಬಕ್ರಂ. ಕತ್ತರಿಸಿದ ತುಂಡುಗಳನ್ನು ಹೊಲಿಯುವ ಮೊದಲೇ ಪಿಕೋ-ಫಾಲ್ ಅಂಗಡಿಗೆ ಒಯ್ದು, ನೂಲು ಬಿಚ್ಚದಂತೆ ಅಂಚಿಗೆ ಇಂಟರ್‌ಲಾಕ್ ಮಾಡಿಸಿ. ಬೀದಿಗೊಂದು ಅಂಗಡಿ ಇರುವಾಗ ಇದಕ್ಕೆಂದು ಇನ್ನೊಂದು ಯಂತ್ರ ಕೊಳ್ಳುವ ಅಗತ್ಯವಿಲ್ಲ.

ಹೊಲಿಗೆಯ ಕ್ರಮ

ಮೊದಲ ಪ್ಯಾಂಟಿಗೆ ಜಿಪ್ ಎಡ ಪಕ್ಕದಲ್ಲಿ, ಕಿಸೆ ಬಲ ಪಕ್ಕದಲ್ಲಿ. ಮುಂದಿನ ಜಿಪ್ ಎರಡನೆಯ ಪ್ಯಾಂಟಿಗಿರಲಿ, ಅದನ್ನು ಚೂರು ಬಟ್ಟೆಯ ಮೇಲೆ ಕಲಿತು ಬನ್ನಿ.

ಡಾರ್ಟುಗಳನ್ನು ಹೊಲಿದು ನಡುವಿನ ಕಡೆಗೆ ಇಸ್ತ್ರಿ ಮಾಡಿ. ಬಲ ಕಿಸೆಯ ಬಾಯಿ ಆರೂವರೆ ಇಂಚು. ಆ ಅಂಚಿಗೆ ಬಟ್ಟೆಯ ಕರಿಯಿಂದ, ಅಂದರೆ ನೇಯ್ದ ಗಟ್ಟಿ ಅಂಚಿನಿಂದ, ಕತ್ತರಿಸಿದ ಗಟ್ಟಿ ಪಟ್ಟಿಯೊಂದನ್ನು ಸೇರಿಸಿ ಹೊಲಿದರೆ ಕೈ ಹಾಕಿ ಹಾಕಿ ಬಾಯಿ ಬಿಡುವುದಿಲ್ಲ. ಕಿಸೆಯ ಚೀಲ ತೆಳು ಹತ್ತಿಯದಿರಲಿ, ಮೊಬೈಲ್ ಪೂರ್ತಿ ಮುಳುಗುವಷ್ಟು ಆಳವಿರಲಿ. ಪಕ್ಕದ ಹೊಲಿಗೆಗಳು, ಎಡಕ್ಕೆ ಏಳು ಇಂಚು ಬಿಟ್ಟು. ಅಲ್ಲಿ ಜಿಪ್.

ಒಳಹೊಲಿಗೆಯಲ್ಲಿ ಒಂದು ಸೂಕ್ಷ್ಮವಿದೆ. ಕವಲಿನಿಂದ ಮೊಣಕಾಲಿನವರೆಗೆ ಹಿಂಭಾಗದ ಅಂಚು ಮುಂಭಾಗಕ್ಕಿಂತ ತುಸು ಗಿಡ್ಡವಿರುತ್ತದೆ. ಕಾಲು ಇಂಚಿನವರೆಗೆ ವ್ಯತ್ಯಾಸವಿದ್ದರೆ ಕತ್ತರಿಸಿ ಸಮ ಮಾಡಬೇಡಿ. ಹಿಂಭಾಗವನ್ನು ಮೆಲ್ಲನೆ ಎಳೆದು, ಮೇಲಿನ ತುದಿಗೆ ತುದಿ, ಮೊಣಕಾಲಿನ ಗುರುತಿಗೆ ಗುರುತು ಪಿನ್ನು ಹಾಕಿ ಹೊಲಿಯಿರಿ. ಸೀಟಿನ ಕೆಳಗೆ ಬಟ್ಟೆ ಒಳಕ್ಕೆ ತಿರುಗಿ ಕೂರುವುದು ಈ ಎಳೆತದಿಂದಲೇ. ಒಂದು ಇಂಚಿನಷ್ಟು ವ್ಯತ್ಯಾಸ ಬಂದಿದ್ದರೆ ನಕ್ಷೆಯಲ್ಲಿ ತಪ್ಪಿದೆ, ಕಾಗದಕ್ಕೆ ಮರಳಿ.

ಈಗ ಎರಡು ಕಾಲು ಬೇರೆ ಬೇರೆ ಕೊಳವೆಗಳಾಗಿ ಸಿದ್ಧ. ಒಂದನ್ನು ಹೊರಬದಿ ಹೊರಗೆ ತಿರುಗಿಸಿ ಇನ್ನೊಂದರ ಒಳಗೆ ತೂರಿಸಿ, ಒಳಹೊಲಿಗೆಗಳು ಒಂದಕ್ಕೊಂದು ಸೇರುವಂತೆ ಪಿನ್ನು ಹಾಕಿ. ಮುಂದಿನ ಸೊಂಟದಿಂದ ಶುರುಮಾಡಿ ಒಳಹೊಲಿಗೆಗಳು ಕೂಡುವ ಜಾಗ ದಾಟಿ ಎರಡು ಇಂಚಿನವರೆಗೆ ಹೊಲಿದು ನಿಲ್ಲಿಸಿ. ಹಿಂಭಾಗ ತೆರೆದೇ ಇರಲಿ. ಸೊಂಟಪಟ್ಟಿಯ ಎರಡು ತುಂಡುಗಳನ್ನು ಮೊದಲು ಮೇಲಂಚಿಗೆ ಕೂಡಿಸಿ. ಆಮೇಲೆ ಹಿಂದಿನ ನಡುವನ್ನು ಕಚ್ಚಾ ಹೊಲಿದು, ಹಾಕಿ ನೋಡಿ, ಬೇಕಾದಷ್ಟು ಬಿಗಿದು, ಪಟ್ಟಿಯ ತುದಿಯಿಂದ ಕವಲಿನವರೆಗೆ ಒಂದೇ ಓಟದಲ್ಲಿ ಪಕ್ಕಾ ಹೊಲಿಗೆ ಹಾಕಿ. ಸೊಂಟ ಎಂದು ಬೇಕಾದರೂ ಬಿಚ್ಚಿ ಬಿಗಿಯಲು ಈ ಕ್ರಮವೇ ಬೇಕು.

ಕವಲಿನ ಹೊಲಿಗೆಯ ಮೇಲೆ ಬೀಳುವಷ್ಟು ಒತ್ತಡ ಉಡುಪಿನಲ್ಲಿ ಬೇರೆಲ್ಲೂ ಬೀಳುವುದಿಲ್ಲ. ಸೀಟಿನ ಗೆರೆಯಿಂದ ಸೀಟಿನ ಗೆರೆಯವರೆಗೆ, ಮೊದಲ ಹೊಲಿಗೆಯ ಪಕ್ಕದಲ್ಲೇ ಮಾರ್ಜಿನಿನ ಕಡೆಗೆ ಎರಡನೆಯದು ಹಾಕಿ, ತಳದ ಬಾಗಿನಲ್ಲಿ ಬಟ್ಟೆಯನ್ನು ಕಾಲು ಇಂಚಿಗೆ ಕತ್ತರಿಸಿ, ಆ ಅಂಚನ್ನು ಮತ್ತೆ ಇಂಟರ್‌ಲಾಕ್ ಮಾಡಿಸಿ ಅಥವಾ ಕೈಯಿಂದ ಸುತ್ತು ಹೊಲಿಯಿರಿ. ತಳದ ಬಾಗನ್ನು ಬಿಡಿಸಿ ಇಸ್ತ್ರಿ ಮಾಡಬಾರದು, ಅದು ನೆಟ್ಟಗೆ ನಿಂತಿರಲಿ. ಹಿಂದಿನ ನಡುವನ್ನು ಮಾತ್ರ ಸೀಟಿನ ಗೆರೆಯಿಂದ ಮೇಲಕ್ಕೆ ಬಿಡಿಸಿ ಒತ್ತಿ. ಬೇರೆ ಪ್ರತಿಯೊಂದು ಹೊಲಿಗೆಯನ್ನೂ ಅದನ್ನು ದಾಟಿ ಇನ್ನೊಂದು ಹೊಲಿಗೆ ಹಾಕುವ ಮೊದಲೇ, ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಮಾಡಬೇಕು. ಎಲ್ಲ ಮುಗಿದ ಮೇಲೆ ಒಟ್ಟಿಗೆ ಮಾಡೋಣವೆಂದರೆ ಅದು ಎಂದೂ ಸರಿಯಾಗದು.

ಪಟ್ಟಿಯ ಒಳಬದಿಯನ್ನು ಮಡಚಿ ಕೈಹೊಲಿಗೆ, ತುದಿಗೆ ಪ್ಯಾಂಟಿನ ಅಗಲ ಹುಕ್. ಗುಂಡಿಯೇ ಬೇಕೆಂದರೆ ಕಾಜಾ ಮಾಡಿಸುವ ಅಂಗಡಿಗೆ ಕೊಡಿ.

ಕೆಳಗಿನ ಮಡಿಕೆ

ಪ್ಯಾಂಟನ್ನು ಒಂದು ರಾತ್ರಿ ಸೊಂಟದಿಂದ ತೂಗುಹಾಕಿ, ಬಟ್ಟೆ ಇಳಿಯುವಷ್ಟು ಇಳಿಯಲಿ. ಮರುದಿನ, ನೀವು ಹೆಚ್ಚಾಗಿ ಹಾಕುವ ಚಪ್ಪಲಿಯನ್ನೇ ಹಾಕಿಕೊಂಡು ನಿಂತು, ಮನೆಯವರೊಬ್ಬರಿಂದ ಚಾಕ್‌ನಲ್ಲಿ ಗುರುತು ಹಾಕಿಸಿ. ನೀವೇ ಬಗ್ಗಿದರೆ ಉದ್ದ ಬದಲಾಗುತ್ತದೆ. ಎರಡೂ ಕಾಲುಗಳನ್ನು ಬೇರೆ ಬೇರೆಯಾಗಿ ಗುರುತಿಸಿ, ಏಕೆಂದರೆ ಒಂದು ಸೊಂಟ ಇನ್ನೊಂದಕ್ಕಿಂತ ಕಾಲು ಇಂಚು ಮೇಲಿರುವವರು ಕಡಿಮೆಯಿಲ್ಲ. ಮುಂದೆ ಪಾದದ ಮೇಲೆ ತಾಗಿಯೂ ತಾಗದಂತೆ, ಹಿಂದೆ ಕಾಲು ಇಂಚು ಕೆಳಗೆ. ಎರಡು ಇಂಚು ಒಳಮಡಚಿ ಕೈಯಿಂದ ಹೆಮ್ಮಿಂಗ್ ಮಾಡಿ. ದಾರ ಬಿಗಿದೆಳೆದರೆ ಹೊರಗೆ ಚುಕ್ಕೆ ಕಾಣುತ್ತದೆ, ಸಡಿಲವಾಗಿಯೇ ಇರಲಿ.

ನಾಲ್ಕೈದು ಸಲ ಹಾಕಿ ಒಗೆದ ಮೇಲೆ ನಕ್ಷೆಯನ್ನು ಮತ್ತೊಮ್ಮೆ ತೆಗೆಯಿರಿ. ಎಲ್ಲಿ ಬಿಗಿ ಅನಿಸಿತು, ಮೊಣಕಾಲು ಎಲ್ಲಿ ಉಬ್ಬಿತು ಎಂಬುದನ್ನು ಅದರ ಮೇಲೆಯೇ ಬರೆದು, ರಟ್ಟಿಗೆ ಅಂಟಿಸಿ ಕತ್ತರಿಸಿಟ್ಟುಕೊಳ್ಳಿ. ಮುಂದಿನ ಪ್ಯಾಂಟಿಗೆ ನೆರಿಗೆ ಬೇಕೆಂದರೆ ಈ ರಟ್ಟಿನ ಮುಂಭಾಗವನ್ನು ಇಸ್ತ್ರಿಯ ಗೆರೆಯಲ್ಲಿ ಸೀಳಿ ಸೊಂಟದ ಹತ್ತಿರ ಒಂದೂವರೆ ಇಂಚು ಅಗಲಿಸಿದರೆ ಸಾಕು. ಕಾಲು ಅಗಲ ಬೇಕೆಂದರೆ ಮೊಣಕಾಲಿನಿಂದ ಕೆಳಗೆ ಎರಡೂ ಬದಿಗೆ ಸಮನಾಗಿ ಸೇರಿಸಿ. ಕವಲಿನ ಬಾಗನ್ನು ಮಾತ್ರ ಮುಟ್ಟಬೇಡಿ.